ಎರಡು ಪೆಡಲ್ಲೋ, ಮೂರು ಪೆಡಲ್ಲೋ? ಸ್ಪೋರ್ಟ್ಸ್ ಕಾರು ಕೊಳ್ಳುವವರ ಜೊತೆ ಒಂದಿಷ್ಟು ಮಾತು

(ಪುಣೆಯ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮುಂಚೆ ಹೊರಗೆ ನಿಲ್ಲಿಸಿರುವ ಗಾಡಿಗಳನ್ನು ಒಂದು ಸುತ್ತು ನೋಡಿ ಬಂದೆ. ಪೋರ್ಷೆ, ಫೆರಾರಿ ಒಂದೂ ಕಾಣಲಿಲ್ಲ. ಆದರೆ ಒಂದೆರಡು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಇವೆ, ಹ್ಯುಂಡೈ ಐ20 ಎನ್ ಲೈನ್ ಇದೆ, ಯಾರದೋ ಹಳೇ ಪೋಲೊ ಜಿಟಿ ಇದೆ. ಮಗುವಿನ ಹಾಗೆ ನೋಡಿಕೊಂಡಿರುವ ಒಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೂಡ ಇದೆ. ಹಾಗಾಗಿ ಇವತ್ತಿನ ಮಾತು ಇಪ್ಪತ್ತು ಲಕ್ಷದ ಗಾಡಿಯಿಂದ ಶುರುವಾಗಿ ಕೋಟಿಗಟ್ಟಲೆ ಬೆಲೆಯ ಗಾಡಿವರೆಗೂ ಹೋಗುತ್ತದೆ. ಕೇಳೋಕೆ ದುಡ್ಡು ಕೊಡಬೇಕಿಲ್ಲವಲ್ಲ. ಪ್ರಶ್ನೆ ಒಂದೇ: ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಕ್ಲಚ್ ಒತ್ತಿ ನಾವೇ ಗೇರ್ ಹಾಕುವ ಮೂರು ಪೆಡಲ್ಲಿನ ಮ್ಯಾನ್ಯುಯಲ್ ಬೇಕೋ, ತಾನೇ ಗೇರ್ ಬದಲಾಯಿಸಿಕೊಳ್ಳುವ ಎರಡು ಪೆಡಲ್ಲಿನ ಆಟೋಮ್ಯಾಟಿಕ್ಕೋ?

ನನ್ನದು ಭೋಸರಿಯಲ್ಲಿ ಒಂದು ಚಿಕ್ಕ ವರ್ಕ್‌ಶಾಪ್. ಗೇರ್ ಬಾಕ್ಸ್ ಮತ್ತು ಕ್ಲಚ್ ಕೆಲಸ ಮಾತ್ರ. ಡೆಂಟಿಂಗ್ ಇಲ್ಲ, ಪೇಂಟಿಂಗ್ ಇಲ್ಲ. ಜನ ಗಾಡಿಯನ್ನು ಮುಂದಿನಿಂದ ನೋಡಿ ಇಷ್ಟಪಡುತ್ತಾರೆ. ನಾನು ದಿನವೂ ನೋಡುವುದು ಅದರ ಅಡಿಭಾಗ. ಅಲ್ಲಿಂದ ಏನು ಕಾಣುತ್ತದೋ ಅದನ್ನು ಹೇಳುತ್ತೇನೆ.

ಮೊದಲು ವೇಗದ ಮಾತು ಮುಗಿಸಿಬಿಡೋಣ. ಅದರಲ್ಲಿ ವಾದ ಮಾಡಲು ಏನೂ ಉಳಿದಿಲ್ಲ. ಆಟೋಮ್ಯಾಟಿಕ್ ಗೆದ್ದು ಬಹಳ ಕಾಲವಾಯಿತು. 2021ರಲ್ಲಿ ಬಂದ ಪೋರ್ಷೆ 911 ಜಿಟಿ3 ತೆಗೆದುಕೊಳ್ಳಿ. ಎರಡು ಬಗೆಯಲ್ಲೂ ಅದೇ ಎಂಜಿನ್, ಅದೇ 510 ಹಾರ್ಸ್‌ಪವರ್. ಪಿಡಿಕೆ ಅನ್ನುವ ಏಳು ಗೇರಿನ ಆಟೋಮ್ಯಾಟಿಕ್ ಇದ್ದರೆ ನಿಂತ ಜಾಗದಿಂದ ಗಂಟೆಗೆ 100 ಕಿಲೋಮೀಟರ್ ಮುಟ್ಟಲು 3.4 ಸೆಕೆಂಡ್ ಸಾಕು. ಆರು ಗೇರಿನ ಮ್ಯಾನ್ಯುಯಲ್ ಆದರೆ 3.9 ಬೇಕು. ಇದು ಕಂಪನಿಯೇ ಕೊಟ್ಟ ಲೆಕ್ಕ, ಅದೂ ಪಳಗಿದ ಕೈಯಲ್ಲಿ. ನಾನು, ನೀವು ಓಡಿಸಿದರೆ ಅಂತರ ಇನ್ನೂ ಜಾಸ್ತಿ. 2023ರ ಬಿಎಂಡಬ್ಲ್ಯು ಎಂ2 ಕೂಡ ಅಷ್ಟೇ. ಆಟೋಮ್ಯಾಟಿಕ್‌ನಲ್ಲಿ 4.1 ಸೆಕೆಂಡ್, ಮ್ಯಾನ್ಯುಯಲ್‌ನಲ್ಲಿ 4.3.

ಹಿಂದೆ ಹೀಗಿರಲಿಲ್ಲ. ನಾಲ್ಕೇ ಗೇರಿನ ಹಳೇ ಆಟೋಮ್ಯಾಟಿಕ್‌ಗಳನ್ನು ಓಡಿಸಿದವರಿಗೆ ನೆನಪಿರಬಹುದು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಯೋಚನೆ ಮಾಡಿ ಮುಂದೆ ಹೋಗುತ್ತಿತ್ತು. ಪೆಟ್ರೋಲ್ ಬೇರೆ ಜಾಸ್ತಿ ಕುಡಿಯುತ್ತಿತ್ತು. ಈ ಚಿತ್ರ ಬದಲಾಗಿದ್ದು ರೇಸಿನಿಂದ. 1989ರಲ್ಲಿ ಜಾನ್ ಬರ್ನಾರ್ಡ್ ಅನ್ನುವ ಎಂಜಿನಿಯರು ಫೆರಾರಿಯ ಫಾರ್ಮುಲಾ ಒನ್ ಗಾಡಿಗೆ ಸ್ಟೇರಿಂಗ್ ಹಿಂದೆಯೇ ಗೇರ್ ಬದಲಾಯಿಸುವ ಪ್ಯಾಡಲ್, ಅಂದರೆ ಬೆರಳಿನಲ್ಲಿ ಎಳೆಯುವ ಪಟ್ಟಿ, ಕೊಟ್ಟರು. ಆ ಗಾಡಿಯ ಹೆಸರು ಫೆರಾರಿ 640. ಬ್ರೆಜಿಲ್‌ನಲ್ಲಿ ಅದರ ಮೊದಲ ರೇಸು, ನೈಜಲ್ ಮ್ಯಾನ್ಸೆಲ್ ಅದನ್ನು ಓಡಿಸಿ ಗೆದ್ದೇಬಿಟ್ಟರು. 1997ಕ್ಕೆ ಅದೇ ಉಪಾಯ ಎಫ್355 ಮೂಲಕ ಫೆರಾರಿಯ ರಸ್ತೆ ಗಾಡಿಗೆ ಬಂತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ ಎರಡು ಕ್ಲಚ್ಚಿನ ಡಿಎಸ್‌ಜಿ ಬಂತು. 2008ರಲ್ಲಿ 911ಕ್ಕೆ ಪಿಡಿಕೆ. ಮಾರನೇ ವರ್ಷ ಬಂದ ಫೆರಾರಿ 458ರಲ್ಲಿ ಮ್ಯಾನ್ಯುಯಲ್ ಸಿಗಲೇ ಇಲ್ಲ. 2014ರ ಲ್ಯಾಂಬೋರ್ಗಿನಿ ಹುರಕಾನ್‌ನಲ್ಲೂ ಇಲ್ಲ.

ಅಲ್ಲಿಗೆ ಮ್ಯಾನ್ಯುಯಲ್ ಕಥೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಅದೇ ಸ್ವಾರಸ್ಯ.

2013ರಲ್ಲಿ ಪೋರ್ಷೆಯವರು ಹೊಸ ಜಿಟಿ3 ತಂದಾಗ ಬರೀ ಪಿಡಿಕೆ ಕೊಟ್ಟರು. ಟ್ರ್ಯಾಕಿನಲ್ಲಿ ಅದೇ ವೇಗ, ಮತ್ತೆ ಇನ್ನೊಂದು ಯಾಕೆ ಅನ್ನುವುದು ಅವರ ಲೆಕ್ಕ. ಎಂಜಿನಿಯರ್ ಮಾತಾಗಿ ಅದು ಸರಿ. ಆದರೆ ದುಡ್ಡು ಕೊಡುವ ಗಿರಾಕಿಗಳು ಗೊಣಗಲು ಶುರು ಮಾಡಿದರು. 2016ರಲ್ಲಿ ಕಂಪನಿ 911 ಆರ್ ಅನ್ನುವ ಗಾಡಿ ತಂತು. ಮಾಡಿದ್ದು 991 ಗಾಡಿ ಮಾತ್ರ, ಎಲ್ಲವೂ ಆರು ಗೇರಿನ ಮ್ಯಾನ್ಯುಯಲ್. ಸಿಕ್ಕವರು ಹೆಚ್ಚು ಬೆಲೆಗೆ ಮಾರಿಕೊಂಡರು, ಸಿಗದವರು ಕೈ ಕೈ ಹಿಸುಕಿಕೊಂಡರು. ಮಾರನೇ ವರ್ಷವೇ ಮಾಮೂಲಿ ಜಿಟಿ3ಗೂ ಮ್ಯಾನ್ಯುಯಲ್ ವಾಪಸ್ ಬಂತು. ಟೊಯೊಟಾದವರದೂ ಇದೇ ಕಥೆ. 2019ರಲ್ಲಿ ಹೊಸ ಸುಪ್ರಾ ಬಂದಾಗ ಎಂಟು ಗೇರಿನ ಆಟೋಮ್ಯಾಟಿಕ್ ಮಾತ್ರ. ಜನ ಕೇಳಿ ಕೇಳಿ 2022ರಲ್ಲಿ ಮ್ಯಾನ್ಯುಯಲ್ ಕೊಟ್ಟರು.

ಅರ್ಧ ಸೆಕೆಂಡ್ ಹಿಂದೆ ಬೀಳುವ ಗಾಡಿಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ ಅಂದರೆ ಅವರು ಕೊಳ್ಳುತ್ತಿರುವುದು ಸೆಕೆಂಡುಗಳನ್ನಲ್ಲ. ಕೈಗೆ, ಕಾಲಿಗೆ ಕೆಲಸ ಸಿಗಲಿ ಅಂತ ಕೊಳ್ಳುತ್ತಾರೆ. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ನಾವು ಓಡಿಸುವ ರಸ್ತೆಯಲ್ಲಿ, ನಾವು ಕೊಳ್ಳುವ ಗಾಡಿಯಲ್ಲಿ ಆ ಕೈಗೆ ಎಷ್ಟು ಕೆಲಸ ಇರುತ್ತದೆ?

ಅದಕ್ಕೆ ಉತ್ತರ ಹುಡುಕುವ ಮುಂಚೆ ಸ್ವಲ್ಪ ಕಬ್ಬಿಣ ಮುಟ್ಟೋಣ. ಶೋರೂಮಿನವರು ‘ಆಟೋಮ್ಯಾಟಿಕ್ ಇದೆ ಸರ್’ ಅಂದಾಗ ಯಾವ ಆಟೋಮ್ಯಾಟಿಕ್ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ ಅನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು.

ಮೇಜಿನ ಮೇಲೆ ಎರಡು ಕ್ಲಚ್ ಪ್ಲೇಟ್ ಇಟ್ಟಿದ್ದೇನೆ. ಎಂಜಿನ್ನನ್ನು ಗೇರ್ ಬಾಕ್ಸಿಗೆ ಸೇರಿಸುವುದು, ಬಿಡಿಸುವುದು ಇದರ ಕೆಲಸ. ಕೈಗೆ ತೆಗೆದುಕೊಂಡು ನೋಡಿ, ಮುಂದಿನವರಿಗೆ ಕೊಡಿ. ಒಂದು ಹೊಸದು. ಎರಡೂ ಬದಿಗೆ ಕಂದು ಬಣ್ಣದ ಲೈನಿಂಗ್ ಇದೆ, ಅದರಲ್ಲಿ ಗೀರು ಗೀರಾಗಿ ಕಾಲುವೆ ಇದೆ. ರಿವೆಟ್ಟುಗಳು ಲೈನಿಂಗಿನ ಒಳಗೆ ಚೆನ್ನಾಗಿ ತಗ್ಗಿನಲ್ಲಿ ಕೂತಿವೆ. ನಡುವೆ ಸುತ್ತಲೂ ಸ್ಪ್ರಿಂಗ್. ಕ್ಲಚ್ ಹಿಡಿದಾಗ ಗಾಡಿಗೆ ಜರ್ಕ್ ಬಾರದಿರಲಿ ಅಂತ ಅವು. ಇನ್ನೊಂದು ಮುಗಿದು ಹೋಗಿರುವುದು. ಕಾಲುವೆ ಕಾಣುವುದಿಲ್ಲ, ಎಲ್ಲ ಸವೆದು ಮಟ್ಟ. ರಿವೆಟ್ಟಿನ ತಲೆ ಮೇಲಕ್ಕೇ ಬಂದಿದೆ, ಬೆರಳಾಡಿಸಿದರೆ ತಾಗುತ್ತದೆ. ಮೂಗಿನ ಹತ್ತಿರ ಹಿಡಿದರೆ ಈಗಲೂ ಸುಟ್ಟ ವಾಸನೆ. ಇದು ಹತ್ತಾರು ಸಾವಿರ ಕಿಲೋಮೀಟರ್ ಹೈವೇ ಓಡಿ ಹೀಗಾಗಿದ್ದಲ್ಲ. ಮುಂಬೈನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹಾಫ್ ಕ್ಲಚ್ಚಿನಲ್ಲೇ ತೆವಳಿದ ಗಾಡಿಯದು. ಹೈವೇಯಲ್ಲಿ ಕ್ಲಚ್ ಪೂರ್ತಿ ಹಿಡಿದಿರುತ್ತದೆ, ಉಜ್ಜುವುದೇ ಇಲ್ಲ, ಸವೆಯುವ ಮಾತೂ ಇಲ್ಲ. ಸವೆಯುವುದೆಲ್ಲ ಅರ್ಧ ಹಿಡಿದು ಅರ್ಧ ಬಿಟ್ಟಾಗ.

ಈಗ ಆಟೋಮ್ಯಾಟಿಕ್ ಕಡೆ ಬರೋಣ. ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್ ಡಬ್ಬಿಗೆ ಯಂತ್ರದ ಕೈ ಜೋಡಿಸಿದ್ದು. ನಮ್ಮಲ್ಲಿ 2014ರ ಮಾರುತಿ ಸೆಲೆರಿಯೊದಿಂದ ಹೆಸರಾಯಿತು. ಊರೊಳಗಿನ ಚಿಕ್ಕ ಕಾರಿಗೆ ಒಳ್ಳೆಯದು. ಸ್ಪೋರ್ಟ್ಸ್ ಕಾರಿನ ಮಾತಿನಲ್ಲಿ ಅದನ್ನು ಬಿಟ್ಟುಬಿಡೋಣ.

ಇನ್ನೊಂದು ಬಗೆಯ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್. ಅದು ಹಳೇ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ. ಅದರಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಉಜ್ಜುವ ಕ್ಲಚ್ ಪ್ಲೇಟ್ ಇಲ್ಲ. ಎಣ್ಣೆ ತುಂಬಿದ ಡಬ್ಬಿಯೊಳಗೆ ರೆಕ್ಕೆ ಇರುವ ಎರಡು ಚಕ್ರ ಎದುರುಬದುರು. ಎಂಜಿನ್ ಒಂದನ್ನು ತಿರುಗಿಸುತ್ತದೆ, ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಟ್ರಾಫಿಕ್‌ನಲ್ಲಿ ತೆವಳುವಾಗ ಜಾರುವುದೆಲ್ಲ ಎಣ್ಣೆಯಲ್ಲಿ. ಬಿಸಿಯೂ ಎಣ್ಣೆಗೆ, ಅಲ್ಲಿಂದ ಕೂಲರ್‌ಗೆ. ವೇಗ ಹಿಡಿದ ಮೇಲೆ ಒಳಗಿನ ಲಾಕ್-ಅಪ್ ಕ್ಲಚ್ ಎರಡನ್ನೂ ಒಂದಾಗಿ ಕಟ್ಟಿಹಾಕುತ್ತದೆ, ಪೆಟ್ರೋಲ್ ಪೋಲಾಗುವುದಿಲ್ಲ. 2009ರಲ್ಲಿ ಜರ್ಮನಿಯ ಝಡ್ಎಫ್ ಕಂಪನಿ ತಂದ ಎಂಟು ಗೇರಿನ 8ಎಚ್‌ಪಿ ಬಂದ ಮೇಲೆ ಈ ಜಾತಿಯ ಬಗ್ಗೆ ಗೇಲಿ ನಿಂತುಹೋಯಿತು. ಎಂ2ನಲ್ಲೂ, ಹೊಸ ಸುಪ್ರಾದಲ್ಲೂ ಇರುವುದು ಅದರ ವಂಶವೇ.

ಇನ್ನು ಡಿಎಸ್‌ಜಿ, ಪಿಡಿಕೆ, ಡಿಸಿಟಿ. ಹೆಸರು ಹಲವು, ವಿದ್ಯೆ ಒಂದೇ. ಒಳಗೆ ಎರಡು ಕ್ಲಚ್. ಒಂದು, ಮೂರು, ಐದು, ಏಳನೇ ಗೇರ್ ಒಂದರ ಪಾಲಿಗೆ. ಎರಡು, ನಾಲ್ಕು, ಆರು ಇನ್ನೊಂದರ ಪಾಲಿಗೆ. ಎರಡು ಕಾವಲಿ ಇಟ್ಟುಕೊಂಡು ದೋಸೆ ಹುಯ್ಯುವವರನ್ನು ನೋಡಿದ್ದೀರಲ್ಲ, ಒಂದನ್ನು ಎಬ್ಬಿಸುವ ಹೊತ್ತಿಗೆ ಇನ್ನೊಂದು ತಯಾರು. ಹಾಗೆಯೇ ನೀವು ಎರಡನೇ ಗೇರಿನಲ್ಲಿರುವಾಗಲೇ ಮೂರನೆಯದು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಟ್ಟ ಕ್ಷಣಕ್ಕೆ ಇನ್ನೊಂದು ಹಿಡಿದಿರುತ್ತದೆ. ಎಳೆತ ಎಲ್ಲೂ ನಿಲ್ಲುವುದಿಲ್ಲ. ಜಿಟಿ3ಯ ಆ ಅರ್ಧ ಸೆಕೆಂಡ್ ಉಳಿತಾಯದ ದೊಡ್ಡ ಪಾಲು ಇಲ್ಲಿಯದೇ.

ಆದರೆ ಇದರಲ್ಲೂ ಎರಡು ಒಳಜಾತಿ. ಡ್ರೈ ಮತ್ತು ವೆಟ್. ಡ್ರೈ ಅಂದರೆ ಈಗ ನಿಮ್ಮ ಕೈಯಲ್ಲಿರುವ ಪ್ಲೇಟಿನಂಥದ್ದೇ ಎರಡು, ಗಾಳಿಯಲ್ಲಿ ತಿರುಗುತ್ತವೆ. ವೆಟ್ ಅಂದರೆ ಎಣ್ಣೆಯಲ್ಲಿ ಮುಳುಗಿದ ಹಲವು ಪ್ಲೇಟುಗಳ ಕಟ್ಟು. ಪೋಲೊ ಜಿಟಿ ಟಿಎಸ್ಐ, ಈಗಿನ ವರ್ಟಸ್ ಜಿಟಿ ಇವುಗಳಲ್ಲಿರುವ ಏಳು ಗೇರಿನ ಡಿಎಸ್‌ಜಿ ಡ್ರೈ ಜಾತಿಯದು. ಅದನ್ನು ಕಟ್ಟಿರುವುದೇ 250 ನ್ಯೂಟನ್ ಮೀಟರ್ ಟಾರ್ಕಿನ, ಅಂದರೆ ತಿರುಗಿಸುವ ಬಲದ, ಮಿತಿಗೆ. ವರ್ಟಸ್‌ನ 1.5 ಲೀಟರ್ ಎಂಜಿನ್ ಕೊಡುವುದೂ ಸರಿಯಾಗಿ 250. ಅದಕ್ಕಿಂತ ಶಕ್ತಿ ಜಾಸ್ತಿ ಇರುವ ಆಕ್ಟೇವಿಯಾ ಆರ್‌ಎಸ್, ಗಾಲ್ಫ್ ಜಿಟಿಐಗಳಿಗೆ ವೆಟ್ ಕ್ಲಚ್ಚೇ ಬೇಕು. ಹಾಗಾಗಿ ವರ್ಟಸ್ ಎಂಜಿನ್‌ಗೆ ರೀಮ್ಯಾಪ್ ಮಾಡಿಸಿ, ಅಂದರೆ ಅದರ ಕಂಪ್ಯೂಟರಿನ ಲೆಕ್ಕ ಬದಲಿಸಿ, ಶಕ್ತಿ ಏರಿಸುತ್ತೇನೆ ಅನ್ನುವ ಹುಡುಗರು ಡಬ್ಬಿಯ ಕಡೆಗೂ ಒಮ್ಮೆ ನೋಡಬೇಕು.

ಡ್ರೈ ಕ್ಲಚ್ ಗಾಡಿ ಇರುವವರಿಗೆ ಒಂದು ಮಾತು. ನೀವು ಬ್ರೇಕ್ ಪೂರ್ತಿ ಒತ್ತಿ ನಿಂತಾಗ ಕ್ಲಚ್ ಬಿಟ್ಟಿರುತ್ತದೆ, ಆರಾಮಾಗಿರುತ್ತದೆ. ಬ್ರೇಕ್ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಇಂಚಿಂಚು ಮುಂದೆ ಹೋದರೆ ಕಂಪ್ಯೂಟರ್ ಹಾಫ್ ಕ್ಲಚ್ಚಿನಲ್ಲಿ ಗಾಡಿ ತಳ್ಳುತ್ತಿರುತ್ತದೆ. ನಿಮ್ಮ ಎಡಗಾಲು ಮಾಡುತ್ತಿದ್ದ ಪಾಪವನ್ನೇ ಅದೂ ಮಾಡುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ. ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಮುಂದಿನ ಗಾಡಿ ಒಂದೆರಡು ಕಾರಿನಷ್ಟು ದೂರ ಹೋಗಲಿ, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಸಲೀಸಾಗಿ ಹೋಗಿ ನಿಲ್ಲಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ ಬಿಡಿ, ಕ್ಲಚ್ಚಿನ ಬಿಲ್ ಕಟ್ಟುವವನು ಅವನಲ್ಲ.

ಇಷ್ಟಾದ ಮೇಲೆ ರಸ್ತೆ.

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಸುಮಾರು 94 ಕಿಲೋಮೀಟರ್. ಕಾರಿಗೆ ಮಿತಿ 100. ಅಟಲ್ ಸೇತುವಿನ ಮೇಲೂ 100. ಮುಂಬೈ ಕೋಸ್ಟಲ್ ರೋಡಿನಲ್ಲಿ 80. ಎಲ್ಲ ಕಡೆ ಕ್ಯಾಮೆರಾ. ಈಗ ಪೋರ್ಷೆ 718 ಕೇಮನ್ ಜಿಟಿ4 ನೋಡಿ. ಮ್ಯಾನ್ಯುಯಲ್ ಪ್ರಿಯರು ತಲೆ ಮೇಲೆ ಹೊತ್ತು ಮೆರೆಸುವ ಗಾಡಿ. ಅದರ ಗೇರುಗಳು ಎಷ್ಟು ಉದ್ದ ಅಂದರೆ ಎರಡನೇ ಗೇರಿನಲ್ಲೇ 130 ದಾಟಿಬಿಡುತ್ತದೆ. ಅಂದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾಯಿದೆ ಪ್ರಕಾರ ಓಡಿಸಿದರೆ ಎಂಜಿನ್ನನ್ನು ಅದರ ಮೇಲಿನ ಶ್ರುತಿಯವರೆಗೆ ಎಳೆದು ಗೇರ್ ಬದಲಾಯಿಸುವ ಸುಖ ಒಂದೇ ಸಲ, ಒಂದರಿಂದ ಎರಡಕ್ಕೆ. ಆಮೇಲೆ ಸುಮ್ನೆ ಆರನೇ ಗೇರಿಗೆ ಹಾಕಿ ಕೂರಬೇಕು. ಮೂರನೇ ಪೆಡಲ್ ಇದ್ದೂ ಕೆಲಸವಿಲ್ಲ.

ಅದೇ 120 ಹಾರ್ಸ್‌ಪವರಿನ ಐ20 ಎನ್ ಲೈನೋ, 150ರ ವರ್ಟಸೋ ತೆಗೆದುಕೊಂಡು ಬೆಳಿಗ್ಗೆ ಬೇಗ ಎದ್ದು ಪೌಡ್, ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋಗಿ. ತಿರುವಿಗೆ ಮುಂಚೆ ಮೂರರಿಂದ ಎರಡು, ತಿರುವು ಮುಗಿದು ಮೂರು, ಸ್ವಲ್ಪ ನೇರ ಸಿಕ್ಕರೆ ನಾಲ್ಕು, ಮತ್ತೆ ಮೂರು. ಕೈಗೆ ಪುರುಸೊತ್ತೇ ಇಲ್ಲ. ಸ್ಪೀಡೋಮೀಟರ್ ನೋಡಿದರೆ ಅರವತ್ತೋ ಎಪ್ಪತ್ತೋ ಇರುತ್ತದೆ. ಬೆಳಗಾವಿ ಕಡೆಯವರು ಗೋವಾಕ್ಕೆ ಹೋಗುವ ಚೋರ್ಲಾ ಘಾಟ್, ರಾಮನಗರದ ಮೇಲಿನ ಅನಮೋಡ ಘಾಟ್, ಸಾವಂತವಾಡಿಗೆ ಇಳಿಯುವ ಅಂಬೋಲಿ, ಎಲ್ಲ ಕಡೆ ಇದೇ ಅನುಭವ. ಮಳೆಗಾಲದಲ್ಲಿ ಮಾತ್ರ ಬೇಡ. ಮಂಜಿನಲ್ಲಿ ಎದುರಿನ ಲಾರಿಯೇ ಕಾಣುವುದಿಲ್ಲ, ಅಲ್ಲಿ ಯಾವ ಗೇರೂ ಉಳಿಸುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗಾಡಿಯ ಶಕ್ತಿ ಏರುತ್ತ ಹೋದಂತೆ ನಮ್ಮ ರಸ್ತೆಗಳಲ್ಲಿ ಮ್ಯಾನ್ಯುಯಲ್‌ಗೆ ಕೆಲಸ ಕಡಿಮೆಯಾಗುತ್ತ ಹೋಗುತ್ತದೆ. ಜನ ಯೋಚಿಸುವುದು ಉಲ್ಟಾ. ದೊಡ್ಡ ಸ್ಪೋರ್ಟ್ಸ್ ಕಾರಿಗೆ ಮ್ಯಾನ್ಯುಯಲ್ಲೇ ಶೋಭೆ, ಚಿಕ್ಕದಕ್ಕೆ ಆಟೋಮ್ಯಾಟಿಕ್ ಸಾಕು ಅಂತಾರೆ. ನಾಲ್ಕುನೂರು, ಐನೂರು ಹಾರ್ಸ್‌ಪವರಿನ ಗಾಡಿಯನ್ನು ಇಲ್ಲಿ ಓಡಿಸುವುದಾದರೆ, ಮತ್ತು ಅದನ್ನು ಟ್ರ್ಯಾಕಿಗೆ ಒಯ್ಯುವ ಯೋಚನೆ ಇಲ್ಲದಿದ್ದರೆ, ಆಟೋಮ್ಯಾಟಿಕ್ ತೆಗೆದುಕೊಳ್ಳಿ. ದೊಡ್ಡ ರೇಸ್ ಟ್ರ್ಯಾಕುಗಳು ಚೆನ್ನೈ, ಕೊಯಮತ್ತೂರು, ಗ್ರೇಟರ್ ನೊಯ್ಡಾ ಕಡೆಗಿವೆ. ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ ಅಂತ ನೀವೇ ಹೇಳಿ. 120ರಿಂದ 200 ಹಾರ್ಸ್‌ಪವರ್ ನಡುವಿನ ಗಾಡಿಯಾದರೆ, ಮೈಯಲ್ಲಿ ಹುರುಪಿದ್ದರೆ, ಮ್ಯಾನ್ಯುಯಲ್. ಲಕ್ಷ, ಲಕ್ಷದ ಮೇಲೆ ಉಳಿಯುತ್ತದೆ ಕೂಡ.

ಪೇಚು ಇರುವುದು ಇಲ್ಲೇ. ಚಿಕ್ಕ ಗಾಡಿ ಇಟ್ಟುಕೊಂಡವರಿಗೆ ಸಾಮಾನ್ಯವಾಗಿ ಅದೊಂದೇ ಗಾಡಿ. ಭಾನುವಾರ ತಾಮ್ಹಿಣಿಗೆ ಹೋಗುವುದೂ ಅದೇ, ಸೋಮವಾರ ವಾಕಡ್ ಸೇತುವೆ ಹತ್ತಿರ ನಿಲ್ಲುವುದೂ ಅದೇ. ಕೋಟಿ ಕೊಟ್ಟವರ ಮನೆಯಲ್ಲಿ ಆಫೀಸಿಗೆ ಬೇರೆ ಗಾಡಿ ಇರುತ್ತದೆ, ಅವರಿಗೆ ಮ್ಯಾನ್ಯುಯಲ್ ಸಾಕಬಹುದು. ಮ್ಯಾನ್ಯುಯಲ್ ಸುಖ ಕೊಡುವ ಗಾಡಿ ಇರುವವರೇ ಟ್ರಾಫಿಕ್‌ನಲ್ಲಿ ಸಾಯುತ್ತಾರೆ. ಅದಕ್ಕೆ ಒಂದು ಉಪಾಯ ಹೇಳುತ್ತೇನೆ. ಟೆಸ್ಟ್ ಡ್ರೈವ್‌ಗೆ ಭಾನುವಾರ ಬೆಳಿಗ್ಗೆ ಹೋಗಬೇಡಿ. ಕೆಲಸದ ದಿನ ಸಂಜೆ ಆರೂವರೆಗೆ ಹೋಗಿ, ಎರಡೂ ಬಗೆಯನ್ನು ನಿಮ್ಮ ಆಫೀಸ್ ದಾರಿಯಲ್ಲೇ ಓಡಿಸುತ್ತೇನೆ ಅಂತ ಹಟ ಹಿಡಿಯಿರಿ. ಸೇಲ್ಸ್‌ನವರಿಗೆ ಇಷ್ಟವಾಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ನಿಮ್ಮ ಎಡಮಂಡಿಯೇ ತೀರ್ಪು ಕೊಡುತ್ತದೆ.

ಮಂಡಿ ಅಂದಾಗ ನಗಬೇಡಿ. ಸ್ಪೋರ್ಟ್ಸ್ ಕಾರಿನ ದುಡ್ಡು ಕೈಗೆ ಬರುವ ವಯಸ್ಸಿಗೇ ಮಂಡಿ ಕೈಕೊಡುವುದು. ಶಕ್ತಿ ಜಾಸ್ತಿ ಇರುವ ಎಂಜಿನ್‌ಗೆ ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಗಟ್ಟಿಯಾಗಿರಬೇಕು, ಹಾಗಾಗಿ ಪೆಡಲ್ಲೂ ಭಾರವಾಗಬಹುದು. ಮನೆಯಲ್ಲಿ ಇನ್ಯಾರು ಓಡಿಸುತ್ತಾರೆ ಅನ್ನುವುದನ್ನೂ ನೋಡಿ. ನಮ್ಮಲ್ಲಿ ದ್ವಿಚಕ್ರ ವಾಹನಕ್ಕೆ ಗೇರ್ ಇರುವುದು, ಇಲ್ಲದ್ದು ಅಂತ ಲೈಸೆನ್ಸ್ ಬೇರೆ ಬೇರೆ, ಕಾರಿಗೆ ಹಾಗಿಲ್ಲ. ಆಟೋಮ್ಯಾಟಿಕ್‌ನಲ್ಲೇ ಕಲಿತವರ ಕೈಗೆ ಕಾಗದದ ಪ್ರಕಾರ ನಿಮ್ಮ ಮ್ಯಾನ್ಯುಯಲ್ ಕೊಡಬಹುದು. ಕೊಟ್ಟ ಮೇಲೆ ಕ್ಲಚ್ ಪ್ಲೇಟ್ ನನ್ನ ಹತ್ತಿರ ಬರುತ್ತದೆ. ಮುಂಬೈ ಹೋಟೆಲುಗಳ ವ್ಯಾಲೆ ಪಾರ್ಕಿಂಗ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬೇಸ್‌ಮೆಂಟಿನ ಇಳಿಜಾರಿನಿಂದ ನಿಮ್ಮ ಗಾಡಿ ಮೇಲೆ ಬರುವಾಗ ವಾಸನೆ ನೋಡಿ, ಸಾಕು.

ಇನ್ನೊಂದು ಸತ್ಯ ಇದೆ. ನಮ್ಮಲ್ಲಿ ಆಯ್ಕೆ ಅನೇಕ ಸಲ ನಮ್ಮ ಕೈಯಲ್ಲೇ ಇಲ್ಲ. 2016ರಲ್ಲಿ ಫೋರ್ಡ್ ಮಸ್ಟಾಂಗ್ ಬಂದಾಗ ಬರೀ ಆಟೋಮ್ಯಾಟಿಕ್. 2017ರ ನಂತರದ ಆಕ್ಟೇವಿಯಾ ಆರ್‌ಎಸ್‌ಗಳೆಲ್ಲ ಡಿಎಸ್‌ಜಿ. 2025ರಲ್ಲಿ ಬಂದ ಗಾಲ್ಫ್ ಜಿಟಿಐ ಕೂಡ ಹಾಗೆಯೇ, ಅದರಲ್ಲಿ ಪ್ರಪಂಚದಲ್ಲೆಲ್ಲೂ ಈಗ ಮ್ಯಾನ್ಯುಯಲ್ ಸಿಗುವುದಿಲ್ಲ. ಖುಷಿಯ ಉದಾಹರಣೆಯೂ ಇದೆ. ಐ20 ಎನ್ ಲೈನ್ 2021ರಲ್ಲಿ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಜೊತೆ ಬಂದಿತ್ತು. ಗೇರ್ ಹಾಕುವುದು ನೀವು, ಕ್ಲಚ್ ನೋಡಿಕೊಳ್ಳುವುದು ಅದು. 2023ರಲ್ಲಿ ಅದನ್ನು ತೆಗೆದು ಸರಿಯಾದ ಮೂರು ಪೆಡಲ್ಲಿನ ಮ್ಯಾನ್ಯುಯಲ್ ಕೊಟ್ಟರು. ಟಾಟಾ ಆಲ್ಟ್ರೋಜ್ ರೇಸರ್ 2024ರಲ್ಲಿ ಬಂದಾಗ ಮ್ಯಾನ್ಯುಯಲ್ ಬಿಟ್ಟು ಬೇರೆ ಕೊಡಲೇ ಇಲ್ಲ.

ಈಗ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ವಿಜಯಪುರದ ಕಡೆಯವರು, ಆ ಸವೆದ ಪ್ಲೇಟನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳಿದರು: “ಅಲ್ರೀ, ಇದು ಎಷ್ಟು ಕಿಲೋಮೀಟರ್ ಬರ್ತದ ಅಂತ ಹೇಳಲೇ ಇಲ್ಲಲ್ರೀ ನೀವು?”

ಕಾಕಾ, ಕಿಲೋಮೀಟರಿನಲ್ಲಿ ಹೇಳಿದರೆ ಸುಳ್ಳಾಗುತ್ತದೆ. ಒಂದೇ ಮಾಡೆಲ್ಲಿನ ಎರಡು ಗಾಡಿ, ಒಂದು ಸಾತಾರಾ ರಸ್ತೆಯಲ್ಲಿ ಊರಿಗೆ ಓಡಾಡಿದ್ದು, ಇನ್ನೊಂದು ಅಂಧೇರಿಯಲ್ಲಿ ಓಡಿದ್ದು, ಎರಡರ ಪ್ಲೇಟನ್ನೂ ಪಕ್ಕದಲ್ಲಿಟ್ಟರೆ ಒಂದೇ ಗಾಡಿಯವು ಅಂತ ನೀವು ನಂಬುವುದಿಲ್ಲ. ಖರ್ಚಿನ ವಿಷಯದಲ್ಲಿ ಇದನ್ನು ಕೇಳಿ. ಈಗಿನ ಅನೇಕ ಟರ್ಬೊ ಗಾಡಿಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ತುಂಡು, ನಡುವೆ ಸ್ಪ್ರಿಂಗ್. ಎಂಜಿನ್ನಿನ ನಡುಕ ಒಳಗೆ ಬಾರದಿರಲಿ ಅಂತ. ಕ್ಲಚ್ ಬದಲಾಯಿಸುವಾಗ ಅದೂ ಸಡಿಲವಾಗಿದ್ದರೆ ಬಿಲ್ಲು ಒಂದಕ್ಕೆರಡಾಗುತ್ತದೆ. ಹಾಗಾಗಿ ಮ್ಯಾನ್ಯುಯಲ್ ಅಂದರೆ ಅಗ್ಗ ಅನ್ನುವ ಲೆಕ್ಕ ಹಳೇ ಗಾಡಿಗಳಿಗೆ ಸರಿ, ಹೊಸದಕ್ಕೆ ಪೂರ್ತಿ ಸರಿಯಲ್ಲ. ಆದರೂ ಡಿಸಿಟಿಯ ಕ್ಲಚ್ ಕಟ್ಟು ಮತ್ತು ಅದನ್ನು ಆಡಿಸುವ ಕಂಪ್ಯೂಟರ್ ಭಾಗವಾದ ಮೆಕಾಟ್ರಾನಿಕ್ ಕೆಟ್ಟರೆ ಆಗುವ ಖರ್ಚಿನ ಮುಂದೆ ಇದು ಕಡಿಮೆಯೇ.

ಐಟಿಯವರೊಬ್ಬರು ಕೇಳಿದರು: ಆಟೋಮ್ಯಾಟಿಕ್‌ನ ಎಣ್ಣೆ ಜೀವನಪೂರ್ತಿ ಬರುತ್ತದೆ ಅಂತ ಹೇಳಿದ್ದಾರೆ, ನಿಜವಾ?

ಯಾರ ಜೀವನ ಅಂತ ಕೇಳಿ ಅವರನ್ನು! ಝಡ್ಎಫ್ ಕಂಪನಿಯೇ ತನ್ನ ಎಂಟು ಗೇರಿನ ಡಬ್ಬಿಗೆ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರಿನೊಳಗೆ ಎಣ್ಣೆ ಬದಲಾಯಿಸಿ ಅನ್ನುತ್ತದೆ. ಹಳೇ ಆರು ಗೇರಿನ ವೆಟ್ ಡಿಎಸ್‌ಜಿಗೆ 60 ಸಾವಿರಕ್ಕೊಮ್ಮೆ. ನಮ್ಮ ಬಿಸಿಲು, ನಮ್ಮ ಟ್ರಾಫಿಕ್ ನೋಡಿದರೆ ನಾನು ಕಡಿಮೆ ಅಂಕಿಯನ್ನೇ ಹಿಡಿಯುತ್ತೇನೆ.

ಹಿಂದಿನಿಂದ ಒಬ್ಬ ಹುಡುಗಿ: “ಅಂಕಲ್, ಆಟೋಮ್ಯಾಟಿಕ್‌ನಲ್ಲಿ ಘಾಟ್ ಇಳಿಯುವಾಗ ಡಿ (ಡ್ರೈವ್) ನಲ್ಲೇ ಇಟ್ಟರೆ ಸಾಕಲ್ವಾ?”

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಸಾಲದು. ಖಂಡಾಳಾದಿಂದ ಖೋಪೋಲಿ ಕಡೆ ಇಳಿಯುವಾಗ ಕಾರಿಗೇ 60ರ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ. ಡಿ ನಲ್ಲೇ ಬಿಟ್ಟರೆ ಗಾಡಿ ಪೆಟ್ರೋಲ್ ಉಳಿಸುವ ಆಸೆಗೆ ಮೇಲಿನ ಗೇರಿಗೆ ಹೋಗಬಹುದು. ಆಗ ಎಂಜಿನ್ ಹಿಡಿದೆಳೆಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾಯುತ್ತ ಕಾಯುತ್ತ ಹಿಡಿತ ಬಿಡುತ್ತದೆ. ಇಳಿಯುವ ಮುಂಚೆಯೇ ಎಡಗಡೆಯ ಪ್ಯಾಡಲ್ ಒತ್ತಿ ಮೂರನೇ ಗೇರಿಗೆ ತಂದುಕೋ. ಎಂಜಿನ್ ಸ್ವಲ್ಪ ಸದ್ದು ಮಾಡುತ್ತದೆ, ಹೆದರಬೇಡ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಪ್ಯಾಡಲ್ ಕೊಟ್ಟಿರುವುದು ರೇಸಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ನನ್ನ ಕೇಳಿದರೆ ಅದರ ಮುಖ್ಯ ಉಪಯೋಗ ಇದೇ. ನ್ಯೂಟ್ರಲ್ ಮಾತ್ರ ಯಾವ ಗಾಡಿಯಲ್ಲೂ, ಯಾವ ಇಳಿಜಾರಿನಲ್ಲೂ ಬೇಡ.

ಎಲೆಕ್ಟ್ರಿಕ್ ಬಂದ ಮೇಲೆ ಈ ಜಗಳವೇ ಇರುವುದಿಲ್ಲವಲ್ಲ ಅಂತ ಇನ್ನೊಬ್ಬರು. ಹೌದು, ಹೆಚ್ಚಿನ ಎಲೆಕ್ಟ್ರಿಕ್ ಗಾಡಿಗಳಲ್ಲಿ ಬದಲಾಯಿಸುವ ಗೇರೇ ಇಲ್ಲ. ಆದರೆ ಹ್ಯುಂಡೈ 2023ರಲ್ಲಿ ತೋರಿಸಿದ ಅಯಾನಿಕ್ 5 ಎನ್‌ನಲ್ಲಿ ಇಲ್ಲದ ಎಂಟು ಗೇರನ್ನು ಇರುವಂತೆ ನಟಿಸುವ ವ್ಯವಸ್ಥೆ ಇಟ್ಟಿದ್ದಾರೆ. ಪ್ಯಾಡಲ್ ಒತ್ತಿದರೆ ಜರ್ಕ್ ಬರುತ್ತದೆ, ಸ್ಪೀಕರಿನಲ್ಲಿ ಸದ್ದು ಬರುತ್ತದೆ. ಮೊದಲು ಜರ್ಕ್ ತೆಗೆಯಲು ಎಂಜಿನಿಯರುಗಳಿಗೆ ಸಂಬಳ ಕೊಟ್ಟರು, ಈಗ ಹಾಕಲು ಕೊಡುತ್ತಿದ್ದಾರೆ.

ಕೊನೆಗೆ ಆ ಹಳೇ ಪೋಲೊ ಜಿಟಿಯ ಮಾಲೀಕರ ಗೆಳೆಯರು. ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದಾರಂತೆ, ಒಂದು ಮ್ಯಾನ್ಯುಯಲ್, ಒಂದು ಡಿಎಸ್‌ಜಿ. ಏನು ನೋಡಬೇಕು?

ಮ್ಯಾನ್ಯುಯಲ್ ಆದರೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, ನಿಧಾನ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಗಾಡಿ ಅಲ್ಲೇ ಇದ್ದರೆ ಕ್ಲಚ್ ಮುಗಿದಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅಂತ ಸದ್ದು ಬಂದರೆ ಎರಡನೇ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಅದು ಗೇರ್ ಕೂರುವ ಮುಂಚೆ ವೇಗ ಹೊಂದಿಸುವ ಹಿತ್ತಾಳೆಯ ಚಿಕ್ಕ ಬಳೆ, ಆದರೆ ಅದಕ್ಕಾಗಿ ಡಬ್ಬಿ ಪೂರ್ತಿ ಬಿಚ್ಚಬೇಕು. ಡಿಎಸ್‌ಜಿ ಆದರೆ ಗಾಡಿ ತಣ್ಣಗಿರುವಾಗಲೇ ಹೋಗಿ, ಅವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬಿಸಿಯಾದ ಮೇಲೆ ಒಮ್ಮೆ, ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ನಡುಗುತ್ತದೆಯೇ ನೋಡಿ. ರಿವರ್ಸ್ ಹಾಕಿ ಸ್ವಲ್ಪ ಏರಿನಲ್ಲಿ ಹಿಂದೆ ತೆಗೆಯಿರಿ, ಅಲ್ಲಿಯೂ ನಡುಗಬಾರದು. ಸ್ಕ್ಯಾನರ್ ಹಾಕಿಸಿ ಕ್ಲಚ್ಚಿನ ರೀಡಿಂಗ್ ಬರೆಸಿಕೊಳ್ಳಿ. ಮಾರುವವರು ಸ್ಕ್ಯಾನರ್ ಬೇಡ ಅಂದರೆ ಆ ಗಾಡಿ ಬಿಟ್ಟು ಮುಂದಿನದು ನೋಡಿ, ಪುಣೆಯಲ್ಲಿ ಪೋಲೊಗೆ ಬರವಿಲ್ಲ.